ಕಮಲಾಪುರದ ಕಾವಿನ ಪೆಟ್ಟಿಗೆ

ಕಲಬುರಗಿಯ ಜಗತ್ ಸರ್ಕಲ್‌ನಿಂದ ಒಂದು ಗಲ್ಲಿ ಒಳಗೆ ನನ್ನ ಅಂಗಡಿ. ಬೇಕರಿ ಓವನ್, ಪ್ಯಾಕಿಂಗ್ ಮಷೀನ್, ಹೀಗೆ ಹೀಟರ್ ಇರುವ ಯಂತ್ರಗಳಿಗೆ ಕಂಟ್ರೋಲ್ ಪ್ಯಾನಲ್ ಕಟ್ಟಿಕೊಡುವುದು, ಕೆಟ್ಟರೆ ದುರಸ್ತಿ ಮಾಡುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಮಾಡಿದ ಕೆಲಸಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಕಮಲಾಪುರದ ಒಂದು ಪೆಟ್ಟಿಗೆಯನ್ನು ಮಾತ್ರ ಮರೆಯಲು ಆಗಿಲ್ಲ.

ಅದನ್ನು ಮಾಡಿಸಿದ ಹೆಣ್ಣುಮಗಳು ನನಗಿಂತ ಐದಾರು ವರ್ಷ ದೊಡ್ಡವರು. ಅಕ್ಕ ಎಂದೇ ಕರೆಯುತ್ತಿದ್ದೆ. ಅತ್ತೆಯ ಜೊತೆ ಇದ್ದುಕೊಂಡು ಮನೆಯ ಹಿಂದೆ ಜವಾರಿ ಕೋಳಿ ಸಾಕುತ್ತಿದ್ದರು. ಮರಿಗಳನ್ನು ಕೇಳಿಕೊಂಡು ಬರುವವರು ಹೆಚ್ಚಾದಂತೆ ಕಾವಿಗೆ ಕೂರುವ ಕೋಳಿಗಳು ಸಾಲದಾದವು. ಬಡಗಿಯಿಂದ ಮುನ್ನೂರು ಮೊಟ್ಟೆ ಹಿಡಿಸುವ ಪೆಟ್ಟಿಗೆ ಮಾಡಿಸಿ, ಒಳಗೆ ಕಾಯಿಲ್, ಫ್ಯಾನ್ ಕೂಡಿಸಿಕೊಡು ಎಂದು ನನ್ನಲ್ಲಿಗೆ ಬಂದರು.

"ತಮ್ಮಾ, ಕೋಳಿ ಹೆಂಗ ಕಾವು ಕೊಡ್ತದೋ ಹಂಗೇ ಇರಬೇಕು ನೋಡು. ಒಂದೀಟು ಹೆಚ್ಚಾದ್ರೂ ಮರಿ ಸಾಯ್ತಾವ," ಎಂದಿದ್ದರು.

ಮೊಟ್ಟೆಗೆ ಬೇಕಾದ ಕಾವು ಮೂವತ್ತೇಳೂವರೆ ಡಿಗ್ರಿ. ಅದು ಅಲ್ಲೇ ನಿಲ್ಲಬೇಕಾದರೆ ಹೀಟರನ್ನು ಕ್ಷಣಕ್ಷಣಕ್ಕೂ ಹಚ್ಚಿ ಆರಿಸುತ್ತಿರಬೇಕು. ಕಟಕಟ ಎನ್ನುವ ಹಳೆಯ ರಿಲೇ ಆ ಕೆಲಸಕ್ಕೆ ಹೆಚ್ಚು ದಿನ ಬಾಳುವುದಿಲ್ಲ. ಹಾಗಾಗಿ ಸಾಲಿಡ್ ಸ್ಟೇಟ್ ರಿಲೇ ಹಾಕಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ, ನಾಲ್ಕು ಸ್ಕ್ರೂಗಳ ಕಪ್ಪು ಡಬ್ಬಿ ಅದು. ಅಲುಗುವ ಭಾಗವಿಲ್ಲ, ಸದ್ದಿಲ್ಲ. ಆದರೆ ಬಲು ಸೂಕ್ಷ್ಮ. ತನ್ನದೇ ಬಿಸಿಯನ್ನೂ ತಾಳದು, ಹೋದ ಕರೆಂಟು ದಢಕ್ಕನೆ ಬಂದಾಗಿನ ಏಟನ್ನೂ ತಾಳದು. ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳುತ್ತಿದ್ದರು: "ಬಲ್ಬ್ ಸತ್ತರ ಕತ್ತಲಿ ಆಗ್ತದ ಬೇಟಾ. ಇದು ಸತ್ತರ ಹೀಟರ್ ಬಂದ್ ಆಗಂಗಿಲ್ಲ, ಚಾಲೂನೇ ಉಳೀತದ. ಇದೊಂದರ ಮ್ಯಾಲೇ ಭರೋಸ ಇಡಬ್ಯಾಡ."

ಅದಕ್ಕೇ ಇದರ ಬೆನ್ನಿಗೆ ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ತುಂಡು ಬೇಕು, ಏಟು ನುಂಗಿಕೊಳ್ಳುವ ಒಂದು ಸಣ್ಣ ಬಿಲ್ಲೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ರಿಲೇ ಕೈಕೊಟ್ಟರೂ ಕಾವು ಮೀರಿದೊಡನೆ ಲೈನನ್ನೇ ಕಡಿಯುವ ಇನ್ನೊಂದು ಥರ್ಮೋಸ್ಟಾಟ್ ಬೇಕು. ಅಲ್ಯೂಮಿನಿಯಂ ಕೂಡಿಸಿದೆ. ಉಳಿದೆರಡು ಸಾಮಾನು ಹೈದರಾಬಾದಿನಿಂದ ಬರಬೇಕಿತ್ತು. ಅಕ್ಕ ಆಗಲೇ ಮೊಟ್ಟೆ ಕೂಡಿಸಿಟ್ಟಿದ್ದರು. "ಈಗ ಚಾಲೂ ಮಾಡ್ರಿ, ಬಂದ ಕೂಡ್ಲೇ ಹಾಕಿಕೊಡ್ತೀನಿ," ಎಂದೆ.

ಮೊದಲ ಸಲ ಮರಿಗಳು ಚೆನ್ನಾಗಿ ಒಡೆದು ಬಂದವು. ಅಕ್ಕ ಫೋನು ಮಾಡಿ ಅವುಗಳ ಚಿಂವ್‌ಚಿಂವ್ ಕೇಳಿಸಿದರು. ಎರಡನೇ ಸಲವೂ ಹಾಗೇ ಆಯಿತು. ಅಷ್ಟರಲ್ಲಿ ಸಾಮಾನು ಬಂದು ನನ್ನ ಡ್ರಾದಲ್ಲಿ ಬಿದ್ದಿತ್ತು. ಕಮಲಾಪುರ ದೂರವೇನಲ್ಲ, ಬಸ್ಸು ಹತ್ತಿದರೆ ತಾಸಿನ ದಾರಿ. ಆದರೆ ನಡೆಯುತ್ತಿರುವ ಯಂತ್ರದ ಕಡೆಗೆ ಯಾರಿಗೂ ಅವಸರವಿರುವುದಿಲ್ಲ. ನನಗೂ ಇರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಅಕ್ಕ, ಅತ್ತೆಯ ಕಣ್ಣು ತೋರಿಸಲು ಕಲಬುರಗಿಗೆ ಬಂದವರು ಅಂಗಡಿಗೂ ಬಂದರು. ಅತ್ತೆಯನ್ನು ಸ್ಟೂಲಿನ ಮೇಲೆ ಕೂಡಿಸಿ ಕೇಳಿದರು: "ಅದೇನೋ ಇನ್ನೊಂದು ಹಾಕಬೇಕಂದಿದ್ದಿ, ಬಂತೇನು ತಮ್ಮಾ?"

"ಬಂದದ ಅಕ್ಕ. ಈ ವಾರ ಬರ್ತೀನಿ."

"ನಾನೇ ಒಯ್ಲೇನು? ನಮ್ಮೂರಾಗ ವೈರಿಂಗ್ ಮಾಡಾಂವ ಒಬ್ಬ ಇದ್ದಾನ."

"ಬ್ಯಾಡ್ರಿ, ಅದು ಎಲ್ಲಾರಿಗೂ ತಿಳಿಯಂಗಿಲ್ಲ. ಎರಡು ಸಲ ಮರಿ ಆಗ್ಯಾವಲ್ಲ, ಏನೂ ಆಗಂಗಿಲ್ಲ."

ಅಕ್ಕ ತಲೆಯಾಡಿಸಿ, ಅತ್ತೆಯನ್ನು ಎಬ್ಬಿಸಿಕೊಂಡು ಹೊರಟರು. ನಾವು ಮಾತಾಡುತ್ತಿದ್ದ ಹೊತ್ತಿನಲ್ಲೇ ಕಮಲಾಪುರದಲ್ಲಿ ಗಾಳಿ ಎದ್ದು ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಬರುತ್ತಿತ್ತಂತೆ.

ಸಂಜೆ ಫೋನು ಬಂತು. "ತಮ್ಮಾ, ಐವತ್ತೆರಡು ತೋರಸಾಕತ್ತದ," ಎಂದರು. ಮೇನ್ ತೆಗೆಯಿರಿ, ಬಾಗಿಲು ತೆರೆಯಿರಿ ಎಂದು ಕೂಗಿದೆ. ಅವರು ಆಗಲೇ ತೆಗೆದಿದ್ದರು. ಮೂರನೇ ಸಲ ಇಟ್ಟ ಮೊಟ್ಟೆಗಳಿಗೆ ಅವತ್ತು ಹತ್ತೊಂಬತ್ತನೆಯ ದಿನ. ಇಪ್ಪತ್ತೊಂದಕ್ಕೆ ಮರಿ ಬರಬೇಕಿತ್ತು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೋದೆ. ರಿಲೇಗೆ ಮೀಟರ್ ಹಚ್ಚಿದರೆ ಕುಂಯ್ ಎಂದು ಕೂಗಿತು. ಒಳಗೆ ಎರಡೂ ತುದಿ ಒಂದಾಗಿ ಬೆಸೆದುಹೋಗಿದ್ದವು. ಕಾವು ಅಳೆದು ರಿಲೇಗೆ ಅಪ್ಪಣೆ ಕೊಡುವ ಕಂಟ್ರೋಲರ್ ಆರಿಸು ಆರಿಸು ಎಂದು ಹೇಳುತ್ತಲೇ ಇತ್ತು, ಕಾಯಿಲ್ ಮಾತ್ರ ಉರಿಯುತ್ತಲೇ ಹೋಗಿತ್ತು.

ಅಂಗಳದಲ್ಲಿ ಟ್ರೇಗಳನ್ನು ಸಾಲಾಗಿ ಇಟ್ಟಿದ್ದರು. ಅತ್ತೆ ನೆಲದ ಮೇಲೆ ಕೂತು ಒಂದೊಂದೇ ಮೊಟ್ಟೆಯನ್ನು ಕಿವಿಗೆ ಹಿಡಿದು ನೋಡುತ್ತಿದ್ದರು. ಕಣ್ಣಿಗೆ ಸರಿಯಾಗಿ ಕಾಣದು, ಕಿವಿ ಚುರುಕು.

"ಒಂದರಾಗೂ ಸಪ್ಪಳಿಲ್ಲ," ಎಂದು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡರು.

ಅಕ್ಕ ಒಂದನ್ನು ಒಡೆದು ನನ್ನ ಮುಂದೆ ಹಿಡಿದರು. ರೆಕ್ಕೆ, ಉಗುರು, ಕೊಕ್ಕು ಎಲ್ಲ ಬಂದಿತ್ತು. ಕಣ್ಣು ಮುಚ್ಚಿತ್ತು.

"ತಪ್ಪು ನಂದು ಅಕ್ಕ. ಸಾಮಾನು ನನ್ನ ಡ್ರಾದಾಗೇ ಇತ್ತು," ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. "ನಾ ಕೇಳಿದ್ನಲ್ಲ ತಮ್ಮಾ," ಎಂದಷ್ಟೇ ಹೇಳಿ ಒಳಗೆ ಹೋಗಿ ಸಲಿಕೆ ತಂದುಕೊಟ್ಟರು. ಹಿತ್ತಿಲಿನಲ್ಲಿ ತಗ್ಗು ತೋಡಿದೆ. ಮುನ್ನೂರು ಮೊಟ್ಟೆ ಹೂಳಲು ಎಷ್ಟು ದೊಡ್ಡ ತಗ್ಗು ಬೇಕೆಂದು ನನಗೆ ಗೊತ್ತಿರಲಿಲ್ಲ. ಎರಡು ಸಲ ಅಗಲ ಮಾಡಬೇಕಾಯಿತು.

ಅವತ್ತೇ ಹೊಸ ರಿಲೇ ಹಾಕಿ, ಬಿಲ್ಲೆ ಬೆಸೆದು, ಎರಡನೇ ಥರ್ಮೋಸ್ಟಾಟ್ ಕೂಡಿಸಿದೆ. ಬೇಕೆಂದೇ ರಿಲೇಯ ಎರಡೂ ಕಡೆ ತಂತಿ ಜೋಡಿಸಿ, ಅದು ಸತ್ತಂತೆ ಮಾಡಿ ಚಾಲೂ ಮಾಡಿದೆ. ಕಾವು ಏರಿತು. ಮೂವತ್ತೊಂಬತ್ತಕ್ಕೆ ಟಕ್ಕೆಂದು ಲೈನು ಕಡಿಯಿತು. ಅಕ್ಕ ಬಾಗಿಲಿಗೆ ಒರಗಿ ನೋಡುತ್ತಿದ್ದರು. "ಛಲೋ ಆಯ್ತು," ಎಂದರು. ದನಿಯಲ್ಲಿ ಏನೂ ಇರಲಿಲ್ಲ.

ಅವರು ಮತ್ತೆ ಅದರಲ್ಲಿ ಮೊಟ್ಟೆ ಇಡಲಿಲ್ಲ. ಎರಡು ತಿಂಗಳ ಮೇಲೆ ಫೋನು ಮಾಡಿ ಕೇಳಿದಾಗ, "ಕೋಳಿನೇ ಕುಂದರಸ್ತೀನಿ ತಮ್ಮಾ. ಅದಕ್ಕ ಸೆಕಿ ಆದ್ರ ತಾನೇ ಎದ್ದು ಹೋಗ್ತದ," ಎಂದರು. ನಾಲ್ಕು ಕೋಳಿಯ ಮರಿಗಳಿಂದ ಮನೆ ನಡೆಯುವುದಿಲ್ಲವೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಳೆದ ವರ್ಷ ಹುಮನಾಬಾದಿಗೆ ಹೋಗುವಾಗ ಬಸ್ಸು ಕಮಲಾಪುರದಲ್ಲಿ ನಿಂತಿತು. ಬಾಳೆತೋಟದ ಕೂಲಿಗೆ ಹೊರಟ ಹೆಂಗಸರ ಗುಂಪು ರಸ್ತೆ ಪಕ್ಕದಲ್ಲಿ ಟಂಟಂ ಆಟೋಗೆ ಕಾಯುತ್ತಿತ್ತು. ಅವರಲ್ಲಿ ಅಕ್ಕ ಇದ್ದರು, ಬುತ್ತಿಯ ಗಂಟನ್ನು ಎದೆಗೆ ಅವಚಿಕೊಂಡು. ನಾನು ಕಿಟಕಿಯ ಪಕ್ಕದಲ್ಲೇ ಇದ್ದೆ. ಬಸ್ಸು ಎರಡು ನಿಮಿಷ ನಿಂತಿರಬಹುದು. ಕರೆಯಬಹುದಿತ್ತು. ಕರೆಯಲಿಲ್ಲ.