ಎರಡು ಸೂಜಿ

ರೆಜಿನಾ ಸಾಡೋವ್ಸ್ಕಿ ಮೂವತ್ತೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಅಂಗಿಯ ಕಾಲರ್ ಹೊಲಿದಿದ್ದಳು. ಟ್ರಾಯ್ ಊರಿನ ಹೊಳೆದಂಡೆಯ ನಮ್ಮ ಕಾರ್ಖಾನೆಯಲ್ಲಿ ಅವಳದು ಕಿಟಕಿಯಿಂದ ಮೂರನೆಯ ಯಂತ್ರ, ಅದರ ಹಿಂದೆ ನನ್ನ ಇಸ್ತ್ರಿ ಮೇಜು. ಅವಳ ಬೆನ್ನನ್ನು ನಾನು ನೋಡಿದಷ್ಟು ಅವಳ ಗಂಡನೂ ನೋಡಿರಲಿಕ್ಕಿಲ್ಲ. ಕುರ್ಚಿಯ ಮೇಲೆ ಅವಳೇ ಹೆಣೆದ ಹಸಿರು ದಿಂಬು. ಬೇರೆ ಯಾರಾದರೂ ಅದರ ಮೇಲೆ ಕೂತರೆ ಅವತ್ತಿಡೀ ಬೈಗುಳ ತಿನ್ನಬೇಕಿತ್ತು.

ಅಷ್ಟು ವರ್ಷದಲ್ಲಿ ಅವಳ ಬೆರಳಿಗೆ ಒಮ್ಮೆಯೂ ಸೂಜಿ ತಾಗಿರಲಿಲ್ಲ. ಹೊಸ ಎಲ್‌ಇಡಿ ದೀಪಗಳು ಬಂದ ಮೂರನೆಯ ವಾರ ಸೂಜಿ ಅವಳ ಉಗುರನ್ನೇ ತೂರಿಕೊಂಡು ಒಳಹೋಯಿತು.

ಆ ದೀಪಗಳನ್ನು ಹಾಕಿಸಿದವನು ಕರ್ಟ್ ಹ್ಯಾಲೊರನ್, ಹಳೆಯ ಮಾಲೀಕರ ಮಗ, ಈಗ ಕಾರ್ಖಾನೆ ನಡೆಸುವವನು. ಚಿಕ್ಕಂದಿನಲ್ಲಿ ಅವಳ ಯಂತ್ರದ ಕೆಳಗೆ ದಾರದ ಉರುಳೆ ಆಡಿಸಿಕೊಂಡು ಬೆಳೆದವನು. ಕರೆಂಟು ಅರ್ಧಕ್ಕರ್ಧ ಉಳಿಯಿತೆಂದು ಬಂದವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದ.

"ಕಣ್ಣಿಗೆ ವಯಸ್ಸಾಯ್ತು ರೆಜಿನಾ," ಎಂದ ಅವಳ ಬೆರಳು ನೋಡಿ. "ಮುಂದಿನ ತಿಂಗಳಿಂದ ಪ್ಯಾಕಿಂಗ್‌ಗೆ ಹೋಗಿ. ಅಲ್ಲಿ ಸೂಜಿ ಕಾಟ ಇಲ್ಲ."

"ನನ್ನ ಕಣ್ಣಿಗೇನೂ ಧಾಡಿ ಇಲ್ಲ ಕಣೋ. ನಿನ್ನ ದೀಪದ ಕೆಳಗೆ ಓಡ್ತಿರೋ ಸೂಜಿ ನಿಂತ ಹಾಗೆ ಕಾಣತ್ತೆ. ಅದೂ ಒಂದಲ್ಲ, ಎರಡು!"

ಕರ್ಟ್ ನಕ್ಕ. ಒಂದು ಎರಡಾಗಿ ಕಾಣುತ್ತದೆ ಎನ್ನುವವಳನ್ನು ಯಂತ್ರದ ಮುಂದೆ ಯಾರು ಕೂರಿಸುತ್ತಾರೆ? ಪ್ಯಾಕಿಂಗ್ ಎಂದರೆ ದಿನವಿಡೀ ರಟ್ಟಿನ ಡಬ್ಬಿ ಮಡಚುವುದು. ಅವಳಂಥ ಕೈಗೆ ಅದು ಶಿಕ್ಷೆಯೇ.

ಆ ಶನಿವಾರ ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ರೆಜಿನಾ ಗುಡ್ಡದ ಮೇಲಿನ ಬೆಳಕಿನ ಪ್ರಯೋಗಾಲಯಕ್ಕೆ ಹೋದಳು. ಅಲ್ಲಿ ಹೊಸ ದೀಪ ಮಾಡಿದಾಗಲೆಲ್ಲ ಊರಿನವರನ್ನು ಅದರ ಕೆಳಗೆ ಕೂರಿಸಿ, ಓದಿಸಿ, ಹೊಲಿಸಿ, ಕಣ್ಣು ಉರಿಯಿತೇ, ತಲೆ ನೋಯಿತೇ ಎಂದು ಬರೆದುಕೊಳ್ಳುತ್ತಾರೆ. ಹಾಗೆ ಕೂತು ಕೂತು ರೆಜಿನಾ ಅಲ್ಲಿಗೆ ಹಳಬಳಾಗಿದ್ದಳು. ದೀಪಗಳ ವಿನ್ಯಾಸ ಮಾಡುವ ಕಾರ್ನೀಲಿಯಾ ಟೆನ್ ಐಕ್ ಮಂಗಳವಾರವೇ ನಮ್ಮಲ್ಲಿಗೆ ಬಂದು, ದೀಪದ ಕೆಳಗೆ ಒಂದು ಪೆನ್ಸಿಲನ್ನು ಸರಸರನೆ ಆಡಿಸಿದಳು. ಒಂದು ಪೆನ್ಸಿಲು ಹತ್ತು ಕಡ್ಡಿಗಳಾಗಿ ಕಂಡಿತು.

"ದೀಪ ಒಳ್ಳೇದೇ. ಅದಕ್ಕೆ ಕರೆಂಟು ಹದಮಾಡಿ ಕೊಡೋ ಪೆಟ್ಟಿಗೆ ಕಳಪೆ," ಎಂದಳು. "ಸೆಕೆಂಡಿಗೆ ನೂರಿಪ್ಪತ್ತು ಸಲ ಬೆಳಕು ಆರಿ ಆರಿ ಹತ್ತುತ್ತಿದೆ. ಸೂಜಿಯ ವೇಗ ಅದಕ್ಕೆ ತಾಳೆಯಾದಾಗ ಓಡೋ ಸೂಜಿ ನಿಂತ ಹಾಗೆ, ಒಂದು ಎರಡಾಗಿ ಕಾಣತ್ತೆ. ಪೆಟ್ಟಿಗೆ ಬದಲಾಯಿಸಿದ್ರೆ ಸಾಕು, ನಿಮ್ಮ ಉಳಿತಾಯ ಎಲ್ಲೂ ಹೋಗಲ್ಲ."

"ನನಗಂತೂ ಏನೂ ಆರಿದ ಹಾಗೆ ಕಾಣ್ತಿಲ್ಲ," ಎಂದ ಕರ್ಟ್. "ಹೊಸದು ಅಂತ ಗೊತ್ತಲ್ಲ, ಅದಕ್ಕೇ ಇವರಿಗೆಲ್ಲ ತಲೆನೋವು."

"ಹಾಗಾದ್ರೆ ಯಾರಿಗೂ ಗೊತ್ತಾಗದ ಹಾಗೆ ನೋಡೋಣ."

ದೀಪಗಳ ಮೇಲೆ ಹಳೆಯ ಪೆಟ್ಟಿಗೆ, ಹೊಸ ಪೆಟ್ಟಿಗೆ ಎರಡನ್ನೂ ಕೂರಿಸಿದರು. ದಿನಕ್ಕೊಂದರಂತೆ ಹತ್ತು ದಿನ. ಯಾವ ದಿನ ಯಾವುದೆಂದು ಕಾರ್ನೀಲಿಯಾ ನಾಣ್ಯ ಚಿಮ್ಮಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿದಳು. ನಾವು ಹದಿನಾಲ್ಕು ಹೆಂಗಸರು ಸಂಜೆ ಬೆಳಕು ಹೇಗಿತ್ತು, ತಲೆ ನೋಯಿತೇ, ಎಷ್ಟು ಹೊಲಿಗೆ ತಪ್ಪಿತು ಎಂದು ಒಂದೊಂದು ಚೀಟಿ ತುಂಬಬೇಕು. ರೆಜಿನಾ ಹೇಳಿದ್ದು ಸುಳ್ಳಾದರೆ ಪ್ಯಾಕಿಂಗ್. ಅದಕ್ಕೆ ಅವಳೂ ಒಪ್ಪಿದ್ದಳು.

ಮೊದಲ ದಿನ ನಾವು ಹದಿಮೂರು ಜನ ಊಟದ ಹೊತ್ತಿಗೇ ಮಾತಾಡಿಕೊಂಡು 'ವಿಪರೀತ ತಲೆನೋವು' ಎಂದು ಬರೆದೆವು. ರೆಜಿನಾ 'ಬೆಳಕು ಚೆನ್ನಾಗಿದೆ' ಎಂದು ಬರೆದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿನ್ನ ಕುರ್ಚಿ ಉಳಿಸೋಕೆ ನಾವು ಒದ್ದಾಡ್ತಿದೀವಿ, ನೀನು ನೋಡಿದ್ರೆ!"

"ಇವತ್ತು ಸೂಜಿ ಓಡ್ತಾ ಇತ್ತು ಬರ್ನೀಸ್. ಓಡ್ತಾ ಇದ್ದಿದ್ದನ್ನ ನಿಂತಿತ್ತು ಅಂತ ಹೆಂಗೆ ಬರೀಲಿ? ನಾಳೆಯಿಂದ ಕಂಡಿದ್ದು ಬರೀರಿ. ಇಲ್ದಿದ್ರೆ ಸಹಾಯಾನೇ ಬೇಡ."

ಮಾರನೆಯ ದಿನದಿಂದ ಕಂಡದ್ದನ್ನೇ ಬರೆದೆವು.

ಹನ್ನೊಂದನೆಯ ದಿನ ಎಲ್ಲರ ಮುಂದೆ ಲಕೋಟೆ ಒಡೆದರು. ಮೊದಲ ದಿನ ಇದ್ದದ್ದು ಹೊಸ, ಒಳ್ಳೆಯ ಪೆಟ್ಟಿಗೆ! ಕರ್ಟ್ ಮೇಜು ಗುದ್ದಿ ನಕ್ಕ. "ನೋಡಿದ್ರಾ? ಹದಿಮೂರು ಜನಕ್ಕೆ ಒಳ್ಳೇ ಬೆಳಕಲ್ಲಿ ತಲೆನೋವು!" ನಾನು ತಲೆ ತಗ್ಗಿಸಿದೆ. ಅವಳನ್ನು ಉಳಿಸಲು ಹೋಗಿ ನಾವೇ ಮುಳುಗಿಸಿದ್ದೆವು.

"ಆ ಒಂದು ದಿನ ಬಿಡಿ," ಎಂದಳು ಕಾರ್ನೀಲಿಯಾ. "ಮಿಕ್ಕ ಒಂಬತ್ತರಲ್ಲಿ ಹಳೇ ಪೆಟ್ಟಿಗೆ ಇದ್ದ ದಿನ ತಲೆನೋವು ಎರಡರಷ್ಟು, ತಪ್ಪು ಹೊಲಿಗೆ ಮೂರರಷ್ಟು. ಇನ್ನು ಇದು ರೆಜಿನಾ ಅವರ ಚೀಟಿ." ಒಂದೊಂದಾಗಿ ಓದಿದಳು. ಹತ್ತಕ್ಕೆ ಹತ್ತೂ ಸರಿ.

"ಅದೃಷ್ಟ," ಎಂದ ಕರ್ಟ್. ಆದರೆ ದನಿ ಇಳಿದಿತ್ತು.

ರೆಜಿನಾ ಎದ್ದು ಹಸಿರು ದಿಂಬನ್ನು ತಟ್ಟಿದಳು. "ಬಾ, ಕೂತ್ಕೋ."

ನಾವೆಲ್ಲ ಕತ್ತು ಚಾಚಿದೆವು. ಆ ದಿಂಬಿನ ಮೇಲೆ! ಕಾರ್ನೀಲಿಯಾ ದೀಪವನ್ನು ಹಳೆಯ ಪೆಟ್ಟಿಗೆಗೆ ಬದಲಿಸಿದಳು. ಕರ್ಟ್ ಪೆಡಲ್ ಒತ್ತಿದ.

"ಇನ್ನೂ ಸ್ವಲ್ಪ ಒತ್ತು. ಹಾಂ, ಅಲ್ಲೇ ಹಿಡ್ಕೋ," ಎಂದಳು ರೆಜಿನಾ.

ಯಂತ್ರ ಭೋರೆನ್ನುತ್ತಿತ್ತು. ಕರ್ಟ್ ಬಗ್ಗಿ ನೋಡಿದ. ಹುಬ್ಬು ಗಂಟಾಯಿತು. ಮೆಲ್ಲಗೆ, ತನಗೇ ತಿಳಿಯದಂತೆ, ತೋರುಬೆರಳನ್ನು ಸೂಜಿಯ ಕಡೆಗೆ ಚಾಚಿದ.

ಚಟೀರ್! ರೆಜಿನಾ ಅವನ ಕೈಗೆ ಬಾರಿಸಿದಳು.

"ಓಡ್ತಾ ಇದೆ ಕಣೋ!"

ಕರ್ಟ್ ಪೆಡಲ್‌ನಿಂದ ಕಾಲೆತ್ತಿದ. ಮುಖ ಬಿಳಿಚಿಕೊಂಡಿತ್ತು. ಬೆರಳನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ಎರಡು," ಎಂದ. "ಎರಡು ಇತ್ತು ರೆಜಿನಾ. ಎರಡೂ ನಿಂತಿದ್ವು."

ನಾವು ಕಿರುಚಿದ ರಭಸಕ್ಕೆ ಕೆಳಮಹಡಿಯಲ್ಲಿ ಬಟ್ಟೆ ಕತ್ತರಿಸುವವರು ಬೆಂಕಿ ಬಿತ್ತೆಂದು ಓಡಿ ಬಂದರು. ಬಂದವರಿಗೂ ಸೇರಿಸಿ ಕರ್ಟೇ ಮಾಂಸದ ಗೊಜ್ಜು ಸುರಿದ ಪುಟಾಣಿ ಹಾಟ್‌ಡಾಗ್ ತರಿಸಿದ. ರೆಜಿನಾ ಆರು ತಿಂದಳು.

ಆ ತಿಂಗಳೇ ಎಲ್ಲ ಪೆಟ್ಟಿಗೆಗಳೂ ಬದಲಾದವು, ಕರೆಂಟಿನ ಉಳಿತಾಯ ಇದ್ದಂತೆಯೇ ಇತ್ತು. ಅವಳು ಆಮೇಲೂ ಒಂಬತ್ತು ವರ್ಷ ಅದೇ ಕುರ್ಚಿಯಲ್ಲಿ ಹೊಲಿದಳು, ಬೆರಳಿಗೆ ಮತ್ತೆ ಸೂಜಿ ತಾಗಲಿಲ್ಲ. ಯಾವ ಹೊಸ ದೀಪ ಬಂದರೂ ಕರ್ಟ್ ಮೊದಲು ಅವಳ ಯಂತ್ರದ ಮೇಲೆ ತೂಗುಹಾಕಿಸಿ, ಅವಳು ಒಂದು ಕಾಲರ್ ಮುಗಿಸಿ ತಲೆಯೆತ್ತುವ ತನಕ ಪಕ್ಕದಲ್ಲೇ ನಿಂತು ಕಾಯುತ್ತಿದ್ದ.