ಶಿರಾಲಿ ಬಂತು, ಏಳು

ನಾನು ಭಟ್ಕಳದ ಆಸ್ಪತ್ರೆಯಲ್ಲಿ ನರ್ಸ್, ಮನೆ ಕುಮಟಾದಲ್ಲಿ. ಇಷ್ಟು ಹೇಳಿದರೆ ಸಾಕು, ಎದುರಿಗಿದ್ದವರು ಹುಬ್ಬೇರಿಸುತ್ತಾರೆ. "ದಿನಾ ಅಷ್ಟು ದೂರ ಹೋಗಿ ಬತ್ರಾ?" ಓಡಾಡುವವಳು ನಾನು, ಸುಸ್ತು ಅವರಿಗೆ.

ಅಮ್ಮ ಇರುವಷ್ಟು ದಿನ ನನ್ನ ಬಳಿ ಉತ್ತರವಿತ್ತು. ಅವಳಿಗೆ ಆ ಮನೆ ಬಿಟ್ಟು ಬೇರೆಲ್ಲೂ ನಿದ್ದೆ ಬರುತ್ತಿರಲಿಲ್ಲ. ಹೋದ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ಕಾರ್ಯವೆಲ್ಲ ಮುಗಿಸಿ ಡ್ಯೂಟಿಗೆ ಹಾಜರಾದ ದಿನವೇ ವಾರ್ಡಿನ ಹಿರಿಯ ಸಿಸ್ಟರ್ ಹೇಳಿದರು, "ಇನ್ನು ಕುಮಟಾದಲ್ಲಿ ನಿಂಗೆ ಎಂತ ಉಂಟು? ಇಲ್ಲೇ ರೂಮು ಮಾಡು." ಎಂತ ಉಂಟು ಎಂದು ನನಗೂ ಹೊಳೆಯಲಿಲ್ಲ. ಆಸ್ಪತ್ರೆಯ ಹಿಂದಿನ ಓಣಿಯಲ್ಲೇ ರೂಮು ಸಿಕ್ಕಿತು. ಕುಮಟಾದ ಮನೆಯನ್ನು ಒಬ್ಬ ಮೇಷ್ಟ್ರ ಸಂಸಾರಕ್ಕೆ ಬಾಡಿಗೆಗೆ ಕೊಡುವುದೆಂದು ಮಾತಾಯಿತು.

ಇನ್ನಾದರೂ ಕಣ್ತುಂಬ ನಿದ್ದೆ ಮಾಡಬಹುದು ಎಂದುಕೊಂಡಿದ್ದೆ. ಆದದ್ದೇ ಬೇರೆ. ರಾತ್ರಿಯೆಲ್ಲ ಹೊರಳಾಡಿ, ಬೆಳಗಾಗುವ ಹೊತ್ತಿಗೆ ಕಣ್ಣು ಹತ್ತುತ್ತಿತ್ತು. ಅಲಾರಾಂ ಬಡಿದುಕೊಂಡು ಸುಮ್ಮನಾಗುತ್ತಿತ್ತು. "ಕುಮಟಾದಿಂದ ಬರುವಾಗ ಎಲ್ಲರಿಗಿಂತ ಮೊದಲು ಇರ್ತಿದ್ದೆ. ಈಗ ಓಣಿ ದಾಟಿದ್ರೆ ಆಸ್ಪತ್ರೆ, ಈಗ ತಡ," ಎಂದು ಸಿಸ್ಟರ್ ಎಲ್ಲರೆದುರು ಛೇಡಿಸಿದರು. ನಾನೂ ನಕ್ಕೆ. ಸಂಜೆ ರೂಮಿಗೆ ಬಂದು ಒಬ್ಬಳಿಗೇ ಅನ್ನಕ್ಕಿಟ್ಟು, ಅದು ಬೇಯುವವರೆಗೆ ಅತ್ತೆ.

ಮೊದಲು ನನ್ನನ್ನು ಎಬ್ಬಿಸುತ್ತಿದ್ದವಳು ಒಬ್ಬ ಮೀನು ಮಾರುವ ಹೆಂಗಸು. ಕುಮಟಾದಲ್ಲಿ ಬಸ್ಸು ಹತ್ತಿದವಳೇ ನಾನು ಪಕ್ಕದ ಸೀಟಿನಲ್ಲಿ ಊಟದ ಚೀಲ ಇಡುತ್ತಿದ್ದೆ. ಹೊನ್ನಾವರದಲ್ಲಿ ಅವಳು ಬುಟ್ಟಿಯನ್ನು ಹಿಂದೆ ಇರಿಸಿ ಬಂದು ಚೀಲ ಎತ್ತಿ ಕೂರುತ್ತಿದ್ದಳು. ಅವಳ ಪಕ್ಕ ಕೂರಲು ಬೇರೆಯವರು ಮೀನಿನ ವಾಸನೆಗೆ ಮೂಗು ಮುರಿಯುತ್ತಿದ್ದರು. "ನಂಗೆ ನಿನ್ನ ಫಿನಾಯಿಲು, ನಿಂಗೆ ನನ್ನ ಬಂಗಡೆ. ಸರಿ ಆತಲ್ಲ," ಎನ್ನುತ್ತಿದ್ದಳು. ಶರಾವತಿ ಸೇತುವೆ ದಾಟುವಷ್ಟರಲ್ಲಿ ನಾನು ಅವಳ ಭುಜಕ್ಕೆ ಒರಗಿ ನಿದ್ದೆ ಹೋಗಿರುತ್ತಿದ್ದೆ. ಅವಳು ಇಳಿಯುವುದು ಭಟ್ಕಳಕ್ಕಿಂತ ಮೊದಲು, ಶಿರಾಲಿಯಲ್ಲಿ. ಇಳಿಯುವಾಗ ನನ್ನ ಮೊಣಕಾಲು ತಟ್ಟಿ, "ಶಿರಾಲಿ ಬಂತು, ಏಳೇ," ಎನ್ನುತ್ತಿದ್ದಳು. ಅಷ್ಟೇ. ಅವಳ ಹೆಸರು ನಾನು ಕೇಳಲಿಲ್ಲ, ನನ್ನದು ಅವಳೂ ಕೇಳಲಿಲ್ಲ. ರೂಮು ಮಾಡುತ್ತೇನೆಂದು ಹೇಳಿ ಹೋಗಬೇಕು ಎಂದೂ ಆಗ ಅನ್ನಿಸಿರಲಿಲ್ಲ.

ಮೇಷ್ಟ್ರು ಕೀಲಿಕೈ ಪಡೆಯಲು ಬರುವುದು ಒಂದು ಭಾನುವಾರ ಎಂದಾಯಿತು. ರಜೆ ಹಾಕಿ ಹಿಂದಿನ ದಿನವೇ ಹೋಗಿ ಮನೆ ಗುಡಿಸಿದೆ. ಅಮ್ಮನ ಸೀರೆಗಳನ್ನು ಗಂಟು ಕಟ್ಟಿದೆ. ಭಾನುವಾರ ಇನ್ನೂ ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ಆ ಖಾಲಿ ಮನೆಯಲ್ಲಿ ಮೇಷ್ಟ್ರ ದಾರಿ ಕಾಯುತ್ತ ಕೂರುವುದು ನನ್ನಿಂದಾಗಲಿಲ್ಲ. ಬೀಗ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದೆ. ಎಲ್ಲಿಗೆ ಎಂದು ಯಾರಾದರೂ ಕೇಳಿದ್ದರೆ ಸಿಟ್ಟು ಬರುತ್ತಿತ್ತು. ಅದೇ ಬಸ್ಸು ಹತ್ತಿ ಅದೇ ಸೀಟಿನಲ್ಲಿ ಕೂತು, ಪಕ್ಕದಲ್ಲಿ ಚೀಲ ಇಟ್ಟೆ.

ಹೊನ್ನಾವರದಲ್ಲಿ ಅವಳು ಹತ್ತಿದಳು. ನನ್ನನ್ನು ಕಂಡು ನಗಲಿಲ್ಲ.

"ಜೀವ ಉಂಟಾ ನಿಂಗೆ? ಕಂಡಕ್ಟರನ ಹತ್ರ ಎಷ್ಟು ಸಲ ಕೇಳಿದೆ. ನಿನ್ನ ಸೀಟಲ್ಲಿ ಯಾರ್ಯಾರೋ ಬಾಯಿ ಕಳೆದು ಮಲಗ್ತಾರೆ. ನಾ ಯಾರನ್ನೂ ಏಳ್ಸುದಿಲ್ಲ."

"ಅಮ್ಮ ಹೋದ್ಲು. ಭಟ್ಕಳದಲ್ಲೇ ರೂಮು ಮಾಡಿದೆ," ಎಂದೆ.

ಅವಳು ಚೀಲವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಊಟದ ಡಬ್ಬಿ ಇಲ್ಲದ ಚೀಲ ಅದೆಂದು ಭಾರದಲ್ಲೇ ಗೊತ್ತಾಗಿರಬೇಕು.

"ಇವತ್ತು ಡ್ಯೂಟಿ ಇಲ್ಯಾ?"

"ಇಲ್ಲ."

"ಹಂಗಾರೆ ಎಲ್ಲಿಗೆ ಹೋಗ್ತೆ?"

ನಾನು ಕಿಟಕಿಯತ್ತ ತಿರುಗಿದೆ. "ಆತು, ಮಲಗು," ಎಂದು ಭುಜ ಕೊಟ್ಟಳು.

ಸುಮ್ಮನೆ ಕಣ್ಣು ಮುಚ್ಚಿದರೆ ಸಾಕು ಎಂದುಕೊಂಡಿದ್ದೆ. ನಿಜವಾಗಿಯೂ ನಿದ್ದೆ ಬಂತು. ಅಮ್ಮ ಹೋದಮೇಲೆ ಅಂಥ ನಿದ್ದೆ ನಾನು ಮಾಡಿರಲಿಲ್ಲ. ಬಳಿಕ ಮೊಣಕಾಲಿನ ಮೇಲೆ ಕೈ ಬಿತ್ತು.

"ಶಿರಾಲಿ ಬಂತು, ಏಳೇ. ನಾಳೆ ಬತ್ಯಾ?"

"ಬತ್ತೆ," ಎಂದೆ.

ನಾನೂ ಅವಳೊಂದಿಗೆ ಇಳಿದೆ. ಬುಟ್ಟಿಗೆ ಒಂದು ಕೈ ಕೊಟ್ಟೆ. ಅವಳು ಹಿಂತಿರುಗಿ ನೋಡದೆ ತನ್ನ ವ್ಯಾಪಾರಕ್ಕೆ ಹೊರಟಳು. ನಾನು ಮೇಷ್ಟ್ರಿಗೆ ಫೋನು ಮಾಡಿ ಮನೆ ಕೊಡುವುದಿಲ್ಲ, ನಾನೇ ಅಲ್ಲಿರುತ್ತೇನೆ ಎಂದೆ. ಯಾಕೆ ಎಂದು ಕೇಳಿದರು, ಬೈದರು ಕೂಡ. ಅಷ್ಟು ದೂರ ದಿನಾ ಎದ್ದು ಹೋಗಬೇಕಲ್ಲ, ಅದಕ್ಕೆ, ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಹೆದ್ದಾರಿ ದಾಟಿ ಕುಮಟಾ ಕಡೆಯ ಬಸ್ಸಿಗೆ ಕಾಯುತ್ತ ನಿಂತೆ.