ಎತ್ತಿನ ಪರವಾಗಿ ನಿಂತ ದಾವಲಸಾಬರು

ದಾವಲಸಾಬರು ಒಂದು ಎತ್ತಿಗೂ ಬಯ್ದವರಲ್ಲ. ಅವರ ಬೈಗುಳವೆಲ್ಲ ಎತ್ತು ಹೊಡೆದುಕೊಂಡು ಬಂದವರಿಗೆ ಮೀಸಲು. ಗಜೇಂದ್ರಗಡದಲ್ಲಿ ರೋಣದ ರಸ್ತೆಯ ಬದಿಗೆ, ಬೇವಿನ ಗಿಡದ ಕೆಳಗೆ ಕೂತು ಅವರು ಎತ್ತುಗಳ ಗೊರಸು ಕೆತ್ತಿ ನಾಲ ಬಡಿಯುತ್ತಿದ್ದರು. ಹಗ್ಗ ಹಾಕಿ ಎತ್ತನ್ನು ಕೆಡವುವ ಮೊದಲು ಅದರ ಕೊರಳ ಕೆಳಗೆ ಜೋಲುವ ಗಂಗೆದೊಗಲು ನೀವುತ್ತ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವರು. ಅವಸರದ ರೈತ ಯಾರಾದರೂ "ಲಗೂ ಮುಗಸ್ರಿ" ಅಂದರೆ ಅವನ ಕಥೆ ಮುಗಿದಂತೆ.

"ನಿನ್ನ ಹೇಳದ ಕೇಳದ ನೆಲಕ್ಕ ಕೆಡವಿ ಕಾಲು ಕಟ್ಟಿದ್ರ ಹ್ಯಾಂಗ ಆಗತೈತಿ? ಅದಕ್ಕ ಮೊದಲ ತಿಳಸಬೇಕು. ತಿಳಕೊಳ್ಳೂ ಬುದ್ಧಿ ಅದಕ್ಕ ಐತಿ. ನಿನಗಿಲ್ಲ."

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಆ ಊರಿನ ಖಾಸಗಿ ಕಾಲೇಜೊಂದರಲ್ಲಿ ಹಂಗಾಮಿ ಕನ್ನಡ ಮೇಷ್ಟ್ರು. ವಾರಪತ್ರಿಕೆಯೊಂದಕ್ಕೆ ಅಂಕಣವನ್ನೂ ಬರೆಯುತ್ತಿದ್ದೆ. ಆ ಜಂಬವೂ ಇತ್ತು. ಒಮ್ಮೆ, ಪ್ರಾಣಿಗಳಿಗೆ ನೋವುಂಟು, ಆದರೆ ನೋವಿನ ನೆನಪಿಲ್ಲ ಎಂದು ಬರೆದೆ. ದಾವಲಸಾಬರಿಗೆ ಓದಲು ಬರುತ್ತಿರಲಿಲ್ಲ. ಚಹಾದಂಗಡಿಯವನಿಂದ ಅದನ್ನು ಓದಿಸಿ ಕೇಳಿ, ಮರುದಿನ ನನ್ನನ್ನು ದಾರಿಯಲ್ಲೇ ತಡೆದು ಹತ್ತಿರದ ಪುರ್ತಗೇರಿಗೆ ಕರೆದುಕೊಂಡು ಹೋದರು.

ಅಲ್ಲೊಬ್ಬ ಹೆಣ್ಣುಮಗಳು ತನ್ನ ಜೋಡೆತ್ತಿನಲ್ಲಿ ಒಂದನ್ನು ಮಾರಿದ್ದಳು. ಉಳಿದದ್ದು ಒಂಬತ್ತು ವರ್ಷ ನೊಗದ ಬಲಗಡೆಗೇ ದುಡಿದ ಎತ್ತು. ನೀರು ಕುಡಿಯಲು ಬಿಟ್ಟಾಗ ಅದು ದಾರಿಯ ಬಲಕ್ಕೇ ನಡೆಯಿತು, ಎಡಕ್ಕೆ ಸರಿಯಾಗಿ ಒಂದು ಎತ್ತಿನಷ್ಟು ಜಾಗ ಬಿಟ್ಟು. ಬೇಲಿಯ ಸಂದಿ ಬಂದಾಗ ನಿಂತಿತು. ಇನ್ನೊಂದು ಮುಂದೆ ಹೋಗಲಿ ಎಂಬಂತೆ ತುಸು ಕಾದು, ಆಮೇಲೆ ತಾನು ಹೋಯಿತು.

"ಆ ಖಾಲಿ ಜಾಗಾ ಯಾರದು, ಹೇಳ್ರಿ ಸರ," ಎಂದರು ದಾವಲಸಾಬರು.

ಅಂದಿನಿಂದ ನಾನು ಸಂಜೆಯ ಹೊತ್ತು ಬೇವಿನ ಗಿಡದ ಕೆಳಗೇ ಇರತೊಡಗಿದೆ. ರಾಜಕಾರಣಿಗಳ ಮಾತು ಬಂದರೆ ದಾವಲಸಾಬರ ಕೈಯೊಳಗಿನ ಸುತ್ತಿಗೆಯ ಪೆಟ್ಟು ಬಿರುಸಾಗುತ್ತಿತ್ತು. ಓಟು ಕೇಳಲು ಬಂದವರು ಎತ್ತಿನ ಬೆನ್ನು ಸವರಿ ಫೋಟೋ ತೆಗೆಸಿಕೊಳ್ಳುತ್ತಾರೆ, ಆ ಕೈ ಯಾರದೆಂದು ಎತ್ತಿಗೆ ತಿಳಿದು ತೊಗಲು ಅದುರಿಸುತ್ತದೆ, ನಮ್ಮ ತೊಗಲು ಮಾತ್ರ ಅದುರುವುದಿಲ್ಲ ಎನ್ನುತ್ತಿದ್ದರು.

ಚುನಾವಣೆ ಬಂತು. ಅಭ್ಯರ್ಥಿಯೊಬ್ಬನನ್ನು ಎತ್ತಿನ ಬಂಡಿಯಲ್ಲಿ ಮೆರವಣಿಗೆ ಮಾಡಿದರು. ನಮ್ಮ ಕಾಲೇಜಿನ ಅಧ್ಯಕ್ಷರೂ ಅದೇ ಬಂಡಿಯಲ್ಲಿದ್ದರು. ಎತ್ತುಗಳು ಮುಶಿಗೇರಿಯ ರೈತ ವೀರಪ್ಪನವು. ಅಧ್ಯಕ್ಷರ ಮಾತಿಗೆ ಇಲ್ಲವೆನ್ನಲಾಗದೆ ಕಳಿಸಿದ್ದ. ಕೋಡಿಗೆ ಪಕ್ಷದ ಬಣ್ಣ, ಎದುರಿಗೆ ಧ್ವನಿವರ್ಧಕ, ಹೆಜ್ಜೆಗೊಂದು ಪಟಾಕಿ ಸರ. ಎತ್ತುಗಳ ಬಾಯಲ್ಲಿ ನೊರೆ, ಕಾಲಲ್ಲಿ ನಡುಕ. ಬೇವಿನ ಗಿಡದ ಹತ್ತಿರ ಬಂದಾಗ ದಾವಲಸಾಬರು ಎದ್ದುಬಂದು ಎಡಗಡೆಯ ಎತ್ತಿನ ಮೂಗುದಾರ ಹಿಡಿದು ನಿಂತುಬಿಟ್ಟರು. ಪಟಾಕಿ ನಿಲ್ಲಿಸಿ, ಇಲ್ಲವಾದರೆ ಎತ್ತು ಬಿಚ್ಚಿ ಬಿಡಿ ಎಂದರು.

ಬಂಡಿಯ ಮೇಲಿನಿಂದ ಒಬ್ಬ, "ಇದು ನಮ್ಮ ಸಂಸ್ಕೃತಿ. ನಿನಗೇನ ತಿಳಿಬೇಕು ಇದು?" ಅಂದ.

"ಸಂಸ್ಕೃತಿ ನಿಮ್ಮದ ಇರಲಿ," ಅಂದರು ದಾವಲಸಾಬರು. "ಜೀವ ಅದರದು."

ಬಂಡಿಯ ಹಿಂದಿನಿಂದ ಯಾರೋ ಹೊತ್ತಿಸಿದ ಪಟಾಕಿ ಸರವೊಂದನ್ನು ಎತ್ತುಗಳ ಕಾಲಿಗೇ ಎಸೆದರು. ಎಡಗಡೆಯ ಎತ್ತು ಹಾರಿತು, ಡಾಂಬರಿನ ಮೇಲೆ ಜಾರಿತು, ಮುಂಗಾಲು ಮುರಿದುಕೊಂಡು ಬಿತ್ತು. ದಾವಲಸಾಬರ ಭುಜ ನೊಗದ ಕೆಳಗೆ ಸಿಕ್ಕಿತ್ತು. ಆ ನೋವಿನಲ್ಲೂ ಅವರು ಇನ್ನೊಂದು ಕೈಯಿಂದ ಎತ್ತಿನ ಕಣ್ಣು ಮುಚ್ಚಿ ಹಿಡಿದಿದ್ದರು. ಮೆರವಣಿಗೆ ಅವರ ಪಕ್ಕದಿಂದ ಸುತ್ತಿಕೊಂಡು ಮುಂದೆ ಹೋಯಿತು. ಅಭ್ಯರ್ಥಿ ಜೀಪು ಹತ್ತಿದ.

ಸಂಜೆಯ ಹೊತ್ತಿಗೆ ಊರಲ್ಲಿ ಕಥೆಯೇ ಬೇರೆಯಾಗಿತ್ತು. ದಾವಲಸಾಬ ಬೇಕಂತಲೇ ಮೂಗುದಾರ ಜಗ್ಗಿ ಎತ್ತು ಕೆಡವಿದನಂತೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಅವರ ಹೆಸರು ಹೇಳಿದರೆ ಸಾಕಿತ್ತು, ಬೇರೆ ಕಾರಣ ಬೇಕಿರಲಿಲ್ಲ. ನಲವತ್ತು ವರ್ಷ ಅವರ ಕೈಯಲ್ಲಿ ಎತ್ತಿನ ಕಾಲು ಕೊಟ್ಟವರೇ ಇದನ್ನು ನಂಬಿದರು. ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಎತ್ತು ನಾಲ್ಕನೆಯ ದಿನ ಸತ್ತಿತು. ಮರುದಿನ ವೀರಪ್ಪ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತ.

"ಸರ, ನೀವು ಅಲ್ಲೇ ಇದ್ರಂತ. ಖರೇ ಏನಾತು ಹೇಳ್ರಿ."

ನನ್ನ ಕಣ್ಣ ಮುಂದೆ ಬಂದದ್ದು ಬಂಡಿಯಲ್ಲಿ ಕೂತಿದ್ದ ಅಧ್ಯಕ್ಷರ ಮುಖ, ನನ್ನ ಹಂಗಾಮಿ ನೌಕರಿ. ಗದ್ದಲದೊಳಗೆ ಸರಿಯಾಗಿ ಕಾಣಲಿಲ್ಲ ಅಂದೆ. ವೀರಪ್ಪ ಬಾಗಿಲಿಂದಲೇ ತಿರುಗಿ ಹೋದ.

ಆ ವಾರ ಅಂಕಣ ಬರೆದೆ. ಪ್ರಾಣಿಗಳ ಅರಿವು, ಮನುಷ್ಯನ ಕ್ರೌರ್ಯ, ಸಂಸ್ಕೃತಿಯ ಹೆಸರಿನ ಹಿಂಸೆ, ಎಲ್ಲವೂ ಅದರಲ್ಲಿತ್ತು. ಓದಿದವರು ಹೊಗಳಿದರು. ಅದರಲ್ಲಿ ಗಜೇಂದ್ರಗಡ ಇರಲಿಲ್ಲ, ಪಟಾಕಿ ಇರಲಿಲ್ಲ.

ಹದಿನೈದು ದಿನ ಬಿಟ್ಟು ಧೈರ್ಯ ಮಾಡಿ ಬೇವಿನ ಗಿಡದ ಕಡೆ ಹೋದೆ. ದಾವಲಸಾಬರು ಭುಜಕ್ಕೆ ಬಟ್ಟೆ ಕಟ್ಟಿಕೊಂಡು ಒಬ್ಬರೇ ಕೂತಿದ್ದರು. ಒಂದು ಎತ್ತೂ ಬಂದಿರಲಿಲ್ಲ. ನನಗೆ ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಬದುಕುತ್ತಿದ್ದೆ.

"ನಿಮ್ಮ ಲೇಖನ ಓದಿಸಿ ಕೇಳಿದ್ನಿ," ಅಂದರು. "ಭಾಳ ಚಲೋ ಬರದೀರಿ. ಆದ್ರ ಸರ, ಅವತ್ತ ಅಲ್ಲೆ ನಾನೂ ಇದ್ನಿ, ನೀವೂ ಇದ್ರಿ. ಅದರಾಗ ಇಬ್ರೂ ಇಲ್ಲ."

ಮುಂದಿನ ತಿಂಗಳು ಅವರು ನರಗುಂದದ ಮಗಳ ಮನೆಗೆ ಹೊರಟುಹೋದರು. ಎರಡು ವರ್ಷದ ಮೇಲೆ ಅಲ್ಲಿಯೇ ತೀರಿಕೊಂಡರೆಂದು ಚಹಾದಂಗಡಿಯವನು ಹೇಳಿದ. ಆಮೇಲೆ ಎಷ್ಟೋ ಬರೆದೆ, ಸನ್ಮಾನದ ಶಾಲು ಹೊದ್ದೆ. ಬರೆಯಬೇಕಾದದ್ದನ್ನು ಮಾತ್ರ ಬರೆದಿರಲಿಲ್ಲ.

ಈಗ ಬರೆಯುತ್ತಿದ್ದೇನೆ. ಪಟಾಕಿ ಎಸೆದವರು ಮೆರವಣಿಗೆಯವರು. ದಾವಲಸಾಬರು ಮೂಗುದಾರ ಜಗ್ಗಲಿಲ್ಲ. ಅದನ್ನು ಹಿಡಿದು ಎತ್ತಿನ ಹಣೆಗೆ ಹಣೆ ಹಚ್ಚಿ ನಿಂತಿದ್ದರು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ನನಗೆ ಎಲ್ಲವೂ ಸರಿಯಾಗಿಯೇ ಕಂಡಿತ್ತು.